ಬಿಟ್ಟುಹೋದ ಗಾಡಿ, ಬಿಟ್ಟುಹೋಗದ ಹೆಸರು

ಕಾನೂನು ಕಟ್ಟೆ: ಓದುಗರ ಪ್ರಶ್ನೆ, ವಕೀಲರ ಉತ್ತರ

ಎರಡು ತಿಂಗಳಲ್ಲಿ ಬಂದ ಪತ್ರಗಳನ್ನು ಮೊನ್ನೆ ಭಾನುವಾರ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಜಾಗದ ತಕರಾರು, ಬಾಡಿಗೆ, ಜೀವನಾಂಶ, ಎಲ್ಲ ಇದ್ದವು. ಆದರೆ ಏಳು ಪತ್ರಗಳಲ್ಲಿ ಒಂದೇ ವಿಷಯ: ಯಾರೂ ಓಡಿಸದೆ ನಿಂತ ಗಾಡಿ. ರಸ್ತೆ ಬದಿಯಲ್ಲಿ, ಗ್ಯಾರೇಜಿನಲ್ಲಿ, ಫ್ಲ್ಯಾಟಿನ ಪಾರ್ಕಿಂಗಿನಲ್ಲಿ, ಠಾಣೆಯ ಅಂಗಳದಲ್ಲಿ, ಸ್ವಂತ ಮನೆಯ ಹಲಸಿನ ಮರದ ಕೆಳಗೆ. ಹಾಗಾಗಿ ಈ ಸಲದ ಕಟ್ಟೆ ಪೂರ್ತಿ ಅದಕ್ಕೇ. ಮಂಗಳೂರಿನ ಕೋರ್ಟಿನಲ್ಲಿ 27 ವರ್ಷ ಕೆಲಸ ಮಾಡಿದ್ದೇನೆ. ಇಂಥ ಗಾಡಿಗಳಿಂದ ಜನ ಪಟ್ಟ ಪಾಡು ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆಯಲ್ಲೇ ಒಂದು ನಡೆದಿದೆ. ಅದನ್ನು ಆರನೇ ಉತ್ತರದಲ್ಲಿ ಹೇಳುತ್ತೇನೆ.

ಇಬ್ಬರು ಓದುಗರು "ಇದಕ್ಕೆ ಕರ್ನಾಟಕದ್ದೇ ಬೇರೆ ಕಾನೂನು ಉಂಟಾ?" ಅಂತ ಕೇಳಿದ್ದಾರೆ. ಮೂಲ ಕಾನೂನು ಇಡೀ ದೇಶಕ್ಕೆ ಒಂದೇ, 1988ರ ಮೋಟಾರು ವಾಹನ ಕಾಯ್ದೆ. ಅದನ್ನು ಜಾರಿ ಮಾಡುವವರು ನಮ್ಮ ರಾಜ್ಯದ ಪೊಲೀಸರು ಮತ್ತು ಆರ್‌ಟಿಒ. ಕಸ, ಸೊಳ್ಳೆ, ರಸ್ತೆ ಜಾಗದ ವಿಷಯ ಬಂದರೆ ಮಂಗಳೂರಿನಲ್ಲಿ ಮಹಾನಗರ ಪಾಲಿಕೆ, ಉಡುಪಿಯಲ್ಲಿ ನಗರಸಭೆ, ಹಳ್ಳಿಯಲ್ಲಿ ಪಂಚಾಯತ್.

ಪ್ರಶ್ನೆ: ಬಿಜೈಯಲ್ಲಿ ನಮ್ಮ ಮನೆ. ಗೇಟಿನ ಎದುರು ರಸ್ತೆ ಬದಿ ಒಂದು ಹಳೇ ಓಮ್ನಿ ಎರಡು ವರ್ಷದಿಂದ ನಿಂತಿದೆ. ನಾಲ್ಕು ಟಯರಿನಲ್ಲೂ ಗಾಳಿ ಇಲ್ಲ. ಹಿಂದಿನ ಗಾಜು ಒಡೆದು ಮಳೆನೀರು ಒಳಗೆ ನಿಲ್ಲುತ್ತದೆ. ಕಳೆದ ಮಳೆಗಾಲ ಪಕ್ಕದ ಮನೆಯ ಮಗುವಿಗೆ ಡೆಂಗ್ಯೂ ಬಂತು. ಒಂದು ಕಚೇರಿಗೆ ಹೋದರೆ ಇನ್ನೊಂದಕ್ಕೆ ಹೋಗಿ ಅನ್ನುತ್ತಾರೆ. ಮೇಡಂ, ನಾವೇ ಕ್ರೇನ್ ತರಿಸಿ ಎಳೆಸಿಬಿಡಬಹುದಾ?

ಉತ್ತರ: ನೀವೇ ಎಳೆಸಬೇಡಿ. ಮಗು ಆಸ್ಪತ್ರೆಯಲ್ಲಿ ಮಲಗಿದ್ದನ್ನು ನೋಡಿದವರಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಓಮ್ನಿ ಯಾರದೋ ಸೊತ್ತು. ನೀವು ಎಳೆಸಿದ ಮರುದಿನ ಒಬ್ಬರು ಬಂದು "ಗಾಡಿಯೊಳಗೆ ನನ್ನ ಸಾಮಾನಿತ್ತು, ಎಲ್ಲಿ?" ಅಂದರೆ ಉತ್ತರ ಹೇಳಬೇಕಾದವರು ನೀವು. ಅದು ಕದ್ದ ಗಾಡಿಯೂ ಆಗಿರಬಹುದು. ಆಗ ನಿಮಗೆ ಇನ್ನೂ ಕಷ್ಟ.

ಎಳೆಸುವ ಅಧಿಕಾರ ಇರುವುದು ಪೊಲೀಸರಿಗೆ. ಕಾಯ್ದೆಯ 127ನೇ ಸೆಕ್ಷನ್ ಓದಿದರೆ ನಿಮಗೆ ಆಶ್ಚರ್ಯ ಆಗಬಹುದು. ಸಾರ್ವಜನಿಕ ಜಾಗದಲ್ಲಿ ಒಂದು ಗಾಡಿಯನ್ನು ಹತ್ತು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಯಾರೂ ಇಲ್ಲದೆ ಬಿಟ್ಟುಹೋದರೆ, ಆ ವ್ಯಾಪ್ತಿಯ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅದನ್ನು ಟೋಯಿಂಗ್ ಮಾಡಿಸಬಹುದು, ಇಲ್ಲವೇ ಚಕ್ರಕ್ಕೆ ಲಾಕ್ ಹಾಕಿಸಬಹುದು. ನೀವು ಎರಡು ವರ್ಷ ಕಾದಿದ್ದೀರಿ. ಕಾನೂನು ಕೇಳುವುದು ಹತ್ತು ಗಂಟೆ ಮಾತ್ರ. ಮುರಿದ, ಸುಟ್ಟ, ಅರ್ಧ ಬಿಚ್ಚಿಹಾಕಿದ ಗಾಡಿ ಸಂಚಾರಕ್ಕೆ ಅಪಾಯ ತರುವಂತಿದ್ದರೆ ಹತ್ತು ಗಂಟೆಯೂ ಕಾಯಬೇಕಾಗಿಲ್ಲ, ಕೂಡಲೇ ತೆಗೆಸಬಹುದು. ಎಳೆಸಿದ ಖರ್ಚು ಗಾಡಿಯ ಮಾಲೀಕನದ್ದು. ಸಂಚಾರಕ್ಕೆ ಅಡ್ಡಿಯಾಗುವಂತೆ ಗಾಡಿ ನಿಲ್ಲಿಸಿದ್ದಕ್ಕೆ 201ನೇ ಸೆಕ್ಷನ್ ಪ್ರಕಾರ 500 ರೂಪಾಯಿಯವರೆಗೆ ದಂಡ ಬೇರೆ.

ಹಾಗಾದರೆ ಯಾಕೆ ತೆಗೆಯುವುದಿಲ್ಲ? ಎಳೆದು ತಂದ ಗಾಡಿಯನ್ನು ಇಡುವುದೆಲ್ಲಿ ಅನ್ನುವುದು ಠಾಣೆಗಳ ದೊಡ್ಡ ತಲೆನೋವು. ಅಂಗಳದಲ್ಲಿ ಈಗಾಗಲೇ ಕೇಸಿನ ಗಾಡಿಗಳು ತುಂಬಿರುತ್ತವೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕಾಗಿ ನಿಮ್ಮ ಬೀದಿಯ ಮಕ್ಕಳು ಜ್ವರದಲ್ಲಿ ಮಲಗಬೇಕು ಅಂತ ಎಲ್ಲಿಯೂ ಬರೆದಿಲ್ಲ.

ಬಾಯಿಮಾತಿನಲ್ಲಿ ಹೇಳಿದ್ದು ಸಾಕು, ಇನ್ನು ಬರೆದು ಕೊಡಿ. ಓಮ್ನಿಯ ನಾಲ್ಕೂ ಕಡೆಯ ಫೋಟೋ ತೆಗೆಯಿರಿ. ನಂಬರ್ ಪ್ಲೇಟ್ ಕಾಣಬೇಕು, ಒಳಗೆ ನಿಂತ ನೀರು ಕಾಣಬೇಕು, ಹಿಂದೆ ನಿಮ್ಮ ಬೀದಿಯ ಗುರುತು ಸಿಗಬೇಕು. ಅರ್ಜಿಯಲ್ಲಿ "127ನೇ ಸೆಕ್ಷನ್ ಪ್ರಕಾರ ತೆರವು ಮಾಡಿಸಬೇಕು" ಅಂತ ಸೆಕ್ಷನ್ ಹೆಸರು ಹೇಳಿಯೇ ಬರೆಯಿರಿ. ಬೀದಿಯ ಏಳೆಂಟು ಮನೆಯವರ ಸಹಿ ಇರಲಿ. ಒಂದು ಪ್ರತಿ ನಿಮ್ಮ ಭಾಗದ ಟ್ರಾಫಿಕ್ ಠಾಣೆಗೆ, ಇನ್ನೊಂದು ಪಾಲಿಕೆಯ ಆರೋಗ್ಯ ವಿಭಾಗಕ್ಕೆ. ಎರಡೂ ಕಡೆ ಸೀಲು ಹಾಕಿಸಿದ ಪ್ರತಿ ವಾಪಸ್ ತೆಗೆದುಕೊಳ್ಳಿ. ಸೀಲು ಬಿದ್ದ ಕಾಗದಕ್ಕೆ ಇರುವ ತೂಕವೇ ಬೇರೆ.

ಆರೋಗ್ಯ ವಿಭಾಗ ಯಾಕೆ ಅಂದರೆ, 2019ರ ಮಳೆಗಾಲದಲ್ಲಿ ಮಂಗಳೂರು ಡೆಂಗ್ಯೂವಿನಿಂದ ಎಷ್ಟು ನರಳಿತು ಅಂತ ನಮಗೆಲ್ಲ ನೆನಪಿದೆ. ಗುಜ್ಜರಕೆರೆ, ಜೆಪ್ಪು ಕಡೆ ಮನೆಮನೆಯಲ್ಲಿ ಜ್ವರ. ಆ ಸೊಳ್ಳೆಗೆ ಚರಂಡಿ ಬೇಕಾಗಿಲ್ಲ. ನಿಂತ ತಿಳಿನೀರು ಸಾಕು, ಒಂದು ವಾರ ಹತ್ತು ದಿನದಲ್ಲಿ ಮೊಟ್ಟೆಯಿಂದ ಸೊಳ್ಳೆ ಆಗಿ ಹಾರುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಹಾಕುವ ನಿಯಮ ತಂದಿದೆ. ನಗರದ ಮನೆಗೆ 400 ರೂಪಾಯಿ, ಅಂಗಡಿ ಆಸ್ಪತ್ರೆಗಳಿಗೆ ಅದಕ್ಕಿಂತ ಜಾಸ್ತಿ. ನಿಮ್ಮ ಮನೆಯ ಹೂಕುಂಡದ ನೀರನ್ನು ನೋಡಲು ಬರುವವರು ಎದುರಿನ ಓಮ್ನಿಯ ನೀರನ್ನೂ ನೋಡಲಿ ಅಂತ ಕೇಳುವ ಹಕ್ಕು ನಿಮಗಿದೆ.

ಇಷ್ಟಾದರೂ ಕೆಲಸ ಆಗದಿದ್ದರೆ ಇನ್ನೊಂದು ದಾರಿ ಉಂಟು. ಸಾರ್ವಜನಿಕ ಜಾಗದಲ್ಲಿ ಉಪದ್ರವ ಇದ್ದರೆ ಅದನ್ನು ತೆಗೆಸಲು ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಸಹಾಯಕ ಆಯುಕ್ತರು, ಜನ ಎಸಿ ಅನ್ನುವವರು, ಆ ಕೆಲಸ ನೋಡುತ್ತಾರೆ. ಹಳೆಯ ಸಿಆರ್‌ಪಿಸಿಯಲ್ಲಿ, ಅಂದರೆ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿ, ಅದು 133ನೇ ಸೆಕ್ಷನ್. ಅದರ ಬದಲು 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152.

ಎಳೆದ ಮೇಲೆ ಆ ಗಾಡಿ ಏನಾಗುತ್ತದೆ? ನಂಬರ್, ಚಾಸಿ ನಂಬರ್ ಹಿಡಿದು ಆರ್‌ಟಿಒ ದಾಖಲೆಯಲ್ಲಿರುವ ಮಾಲೀಕನನ್ನು ಹುಡುಕುತ್ತಾರೆ. ಪೊಲೀಸರು ಗಾಡಿಯನ್ನು ವಶಪಡಿಸಿಕೊಂಡು ಮ್ಯಾಜಿಸ್ಟ್ರೇಟರಿಗೆ ವರದಿ ಕೊಟ್ಟರೆ, ಮಾಲೀಕ ಯಾರೆಂದು ತಿಳಿಯದಿದ್ದಾಗ ಕೋರ್ಟು ಪ್ರಕಟಣೆ ಹೊರಡಿಸುತ್ತದೆ. ಹಕ್ಕು ಹೇಳಲು ಆರು ತಿಂಗಳ ಸಮಯ. ಆಗಲೂ ಯಾರೂ ಬರದಿದ್ದರೆ ಅದು ಸರ್ಕಾರದ ಕೈಗೆ ಹೋಗುತ್ತದೆ, ಮಾರಾಟವೂ ಆಗಬಹುದು. ಆರು ತಿಂಗಳು ನಿಧಾನ ಅನ್ನಿಸುತ್ತದೆ, ಅಲ್ವಾ? ಆದರೆ ಅಷ್ಟು ದಿನ ಆ ಗಾಡಿ ನಿಮ್ಮ ಗೇಟಿನ ಎದುರು ಇರುವುದಿಲ್ಲ.

ಪ್ರಶ್ನೆ: ಪರ್ಕಳದಲ್ಲಿ ನನ್ನದು ಸಣ್ಣ ಟೂವೀಲರ್ ಗ್ಯಾರೇಜು. ಮಣಿಪಾಲದಲ್ಲಿ ಓದುತ್ತಿದ್ದ ಒಬ್ಬ ಹುಡುಗ ಬೈಕಿನ ಎಂಜಿನ್ ಕೆಲಸ ಮಾಡಿಸಿದ. ಬಿಲ್ಲು 14,200 ರೂಪಾಯಿ. ಕೋರ್ಸು ಮುಗಿಸಿ ಹೋದವನು ಬರಲೇ ಇಲ್ಲ, ಫೋನ್ ಸ್ವಿಚ್ ಆಫ್. ಮಹಾರಾಷ್ಟ್ರದ ನಂಬರ್. ಎರಡು ವರ್ಷ ಆಯ್ತು. ಇಂಥವು ಒಟ್ಟು ನಾಲ್ಕು ಬೈಕು ಉಂಟು, ಕೆಲಸ ಮಾಡಲು ಜಾಗ ಇಲ್ಲ. ಮಾರಿ ನನ್ನ ದುಡ್ಡು ತೆಗೆದುಕೊಳ್ಳಬಹುದಾ ಅಕ್ಕ?

ಉತ್ತರ: ತಮ್ಮಾ, ನಿಮ್ಮ ಪತ್ರ ಓದಿ ಬೇಸರವಾಯಿತು. ಕೈ ಕಪ್ಪು ಮಾಡಿಕೊಂಡು ದುಡಿದ ದುಡ್ಡು ಅದು. ಆದರೂ ಉತ್ತರ ಇಲ್ಲ ಅಂತಲೇ. ಮಾರುವ ಹಾಗಿಲ್ಲ.

ನಿಮಗೆ ಇರುವ ಹಕ್ಕು ಏನು ಅಂತ ಮೊದಲು ಹೇಳುತ್ತೇನೆ. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ, ಒಂದು ವಸ್ತುವಿನ ಮೇಲೆ ನೀವು ಶ್ರಮ, ಕೈಚಳಕ ಹಾಕಿ ಕೆಲಸ ಮಾಡಿದ್ದರೆ, ಕೂಲಿ ಕೊಡುವ ತನಕ ಆ ವಸ್ತುವನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಬಹುದು. ದರ್ಜಿ ಬಟ್ಟೆ ಇಟ್ಟುಕೊಳ್ಳುವುದು, ಅಕ್ಕಸಾಲಿಗ ಸರ ಇಟ್ಟುಕೊಳ್ಳುವುದು ಇದೇ ಹಕ್ಕಿನಲ್ಲಿ. ಆದರೆ ಇದು ಇಟ್ಟುಕೊಳ್ಳುವ ಹಕ್ಕು ಮಾತ್ರ. ಬಂಗಾರ ಅಡವಿಟ್ಟುಕೊಂಡವರಿಗೆ ನೋಟಿಸ್ ಕೊಟ್ಟು ಮಾರುವ ಅಧಿಕಾರವನ್ನು ಅದೇ ಕಾಯ್ದೆಯ 176ನೇ ಸೆಕ್ಷನ್ ಕೊಡುತ್ತದೆ. ರಿಪೇರಿಯವರಿಗೆ ಅದು ಇಲ್ಲ. ಇನ್ನೊಂದು ಮಾತು. ಜಾಗದ ಬಾಡಿಗೆ ಅಂತ ದಿನಕ್ಕೆ ಇಷ್ಟು ಸೇರಿಸಿ ಕೇಳಬೇಕಾದರೆ ಮೊದಲೇ ಬರೆದ ಒಪ್ಪಂದ ಇರಬೇಕು.

ಆ ಬೈಕನ್ನು ನೀವು ಓಡಿಸಲೂ ಬೇಡಿ, ಬಿಡಿಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಲೂ ಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಒಳ್ಳೆಯ ಮನಸ್ಸಿನವರೇ ಇದರಲ್ಲಿ ಸಿಕ್ಕಿಬೀಳುತ್ತಾರೆ. "ಸುಮ್ನೆ ತುಕ್ಕು ಹಿಡಿಯುತ್ತಿತ್ತು, ಕಾರ್ಬೊರೇಟರ್ ತೆಗೆದೆ" ಅಂತ ಕೋರ್ಟಿನಲ್ಲಿ ಹೇಳಿದರೆ ಅದು ಬೇರೆಯವರ ಸೊತ್ತನ್ನು ನಿಮ್ಮದಾಗಿ ಮಾಡಿಕೊಂಡ ಅಪರಾಧವಾಗಿ ಕಾಣಬಹುದು.

ಹಾಗಾದರೆ ದುಡ್ಡು ಹೇಗೆ ಬರುತ್ತದೆ? ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು, ಇದು ಕಾಲಮಿತಿ ಕಾಯ್ದೆಯ ಲೆಕ್ಕ. ನಿಮಗೆ ಎರಡು ವರ್ಷ ಈಗಲೇ ಹೋಗಿದೆ. ನಾಳೆಯೇ ಬಿಲ್ ಪುಸ್ತಕ ತೆಗೆದು ನಾಲ್ಕೂ ಬೈಕಿನ ತಾರೀಕು ನೋಡಿ. ಆರ್‌ಸಿಯ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಆರ್‌ಸಿ ನಿಮ್ಮಲ್ಲಿ ಇಲ್ಲದಿದ್ದರೆ ಠಾಣೆಗೆ ಬರೆದು ಕೊಟ್ಟು ಮಾಲೀಕರ ವಿವರ ಪತ್ತೆ ಮಾಡಲು ಕೇಳಿ. ಬೈಕು ಕದ್ದದ್ದಾಗಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ, "ನಾನು ಮೊದಲೇ ತಿಳಿಸಿದ್ದೆ" ಅನ್ನಲು ನಿಮ್ಮಲ್ಲಿ ಕಾಗದ ಇರುತ್ತದೆ. ಆಮೇಲೆ ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ದಾವೆಗೆ ಮೊದಲೇ ರಾಜಿಗೆ ಕೂರಿಸುವ ವ್ಯವಸ್ಥೆ ಅಲ್ಲಿ ಉಂಟು, ಕೋರ್ಟ್ ಫೀಸು ಇಲ್ಲ. ಕಾನೂನು ಪ್ರಾಧಿಕಾರದ ನೋಟಿಸ್ ಮನೆಗೆ ಹೋದಾಗ ಅಪ್ಪ ಅಮ್ಮ ಫೋನ್ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಲೋಕ ಅದಾಲತ್ತಿನಲ್ಲಿ ಒಪ್ಪಂದ ಆದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ತೀರ್ಪಿನ ಆದೇಶದಷ್ಟೇ, ಬಲ. ಅದೂ ಆಗದಿದ್ದರೆ ದಾವೆ ಹಾಕಿ ಡಿಕ್ರಿ ಪಡೆದು, ಕೋರ್ಟಿನ ಮೂಲಕವೇ ಬೈಕನ್ನು ಹರಾಜು ಹಾಕಿಸಬೇಕು. ದೂರದ ದಾರಿ, ಗೊತ್ತು. ಆದರೆ ಕೊಂಡವನ ಹೆಸರಿಗೆ ಗಾಡಿ ಸರಿಯಾಗಿ ಹೋಗುವ ದಾರಿ ಅದೇ.

ಇನ್ನು ಮುಂದೆ ಜಾಬ್ ಕಾರ್ಡಿನಲ್ಲಿ ಊರಿನ ವಿಳಾಸ, ಮನೆಯವರ ಫೋನ್ ನಂಬರ್ ಬರೆಸಿಕೊಳ್ಳಿ. ಆರ್‌ಸಿಯ ಫೋಟೋ ತೆಗೆದಿಡಿ. "ಕೆಲಸ ಮುಗಿದು 15 ದಿನದ ಮೇಲೆ ದಿನಕ್ಕೆ ಇಷ್ಟು ಜಾಗದ ಬಾಡಿಗೆ" ಅಂತ ಒಂದು ಸಾಲು ಅಚ್ಚು ಹಾಕಿಸಿ, ಅದರ ಕೆಳಗೆ ಸಹಿ ತೆಗೆದುಕೊಳ್ಳಿ. ಮಣಿಪಾಲದ ಸುತ್ತಮುತ್ತ ಗ್ಯಾರೇಜು ಇಟ್ಟವರೆಲ್ಲ ಇದನ್ನು ಮಾಡಬೇಕು. ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಅಲ್ಲಿ ಬೈಕುಗಳು ಅನಾಥವಾಗುತ್ತವೆ.

ಪ್ರಶ್ನೆ: ಕುಂದಾಪುರದವನು. 2018ರಲ್ಲಿ ನನ್ನ ಕಾರು ಮಾರಿದೆ. ಫಾರ್ಮಿಗೆ ಸಹಿ ಹಾಕಿ ಕೊಟ್ಟಿದ್ದೆ. ಕೊಂಡವರು ಹೆಸರು ಬದಲಿಸಿಲ್ಲ ಅಂತ ಈಗ ಗೊತ್ತಾಗಿದೆ, ಯಾಕೆಂದರೆ ಬೇರೆ ಜಿಲ್ಲೆಯಲ್ಲಿ ರಸ್ತೆ ಬದಿ ಬಿದ್ದ ಆ ಕಾರಿನ ನೋಟಿಸ್ ನನಗೆ ಬಂದಿದೆ. ನನಗೂ ಅದಕ್ಕೂ ಏನು ಸಂಬಂಧ?

ಉತ್ತರ: ಕಾನೂನಿನ ಕಣ್ಣಲ್ಲಿ ಸಂಬಂಧ ಉಂಟು. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಕಾರು ಕೈಯಿಂದ ಕೈಗೆ ದಾಟಿ ಹೋಗಿತ್ತು. ಅಪಘಾತದಲ್ಲಿ ಜೀವ ಹೋಯಿತು. ಪರಿಹಾರದ ಹೊಣೆ ಬಿದ್ದದ್ದು ಹೆಸರು ಬದಲಿಸದೆ ಮೊದಲು ಮಾರಿದವರ ಮೇಲೆ. ನಿಮಗೆ ಬಂದಿರುವುದು ರಸ್ತೆ ಬದಿಯ ಕಾರಿನ ನೋಟಿಸ್ ಮಾತ್ರ. ಇಷ್ಟಕ್ಕೇ ಗೊತ್ತಾಯಿತಲ್ಲ ಅಂತ ಸಮಾಧಾನ ಮಾಡಿಕೊಳ್ಳಿ.

ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಇದು ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್. ಬಹಳಷ್ಟು ಜನ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟರೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ನೋಟಿಸಿಗೆ ಸುಮ್ಮನಿರಬೇಡಿ. ಮಾರಾಟದ ಕರಾರು, ದುಡ್ಡು ಬಂದ ಬ್ಯಾಂಕ್ ದಾಖಲೆ, ಕೊಂಡವರ ಫೋನ್ ನಂಬರ್ ಎಲ್ಲ ಜೋಡಿಸಿ ಲಿಖಿತ ಉತ್ತರ ಕೊಡಿ. ಅದೇ ದಾಖಲೆಗಳನ್ನು ಉಡುಪಿ ಆರ್‌ಟಿಒಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಂಡವರು ಸಿಕ್ಕರೆ ಹೆಸರು ಬದಲಿಸಲು ನೋಟಿಸ್ ಕೊಡಿ.

ಈಗ ಹಳೇ ಕಾರು ಮಾರುವವರಿಗೆ ಒಂದು ಅನುಕೂಲ ಬಂದಿದೆ. 2023ರ ಏಪ್ರಿಲ್ 1ರಿಂದ ಆರ್‌ಟಿಒ ಅಧಿಕಾರ ಪಡೆದ ಡೀಲರಿಗೆ ಗಾಡಿ ಒಪ್ಪಿಸಿ ಅದನ್ನು ಆನ್‌ಲೈನ್‌ನಲ್ಲಿ ತಿಳಿಸಿದರೆ, ಆ ಡೀಲರನ್ನೇ ಮಾಲೀಕನಂತೆ ಪರಿಗಣಿಸುತ್ತಾರೆ. ಡೀಲರಿಗೆ ಆ ಅಧಿಕಾರಪತ್ರ ಇದೆಯಾ ಅಂತ ಕೇಳಿ ನೋಡಿ.

ಪ್ರಶ್ನೆ: ಕದ್ರಿಯ ನಮ್ಮ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದವರು ಕಾರು ಬಿಟ್ಟು ಮನೆ ಖಾಲಿ ಮಾಡಿದ್ದಾರೆ. ಪೊಲೀಸರು "ಅದು ನಿಮ್ಮ ಖಾಸಗಿ ಜಾಗ" ಅನ್ನುತ್ತಾರೆ. ಸರಿಯಾ?

ಉತ್ತರ: ಅಷ್ಟರ ಮಟ್ಟಿಗೆ ಸರಿ. 127ನೇ ಸೆಕ್ಷನ್ ಸಾರ್ವಜನಿಕ ಜಾಗಕ್ಕೆ ಮಾತ್ರ. ಗೇಟು, ವಾಚ್‌ಮ್ಯಾನ್ ಇರುವ ಪಾರ್ಕಿಂಗ್‌ಗೆ ಯಾರು ಬೇಕಾದರೂ ಹಕ್ಕಿನಿಂದ ಬರುವ ಹಾಗಿಲ್ಲವಲ್ಲ. ನೀವು ಆರ್‌ಸಿ ಮಾಲೀಕರಿಗೂ ಬಾಡಿಗೆಯವರ ಊರಿನ ವಿಳಾಸಕ್ಕೂ ತಾರೀಕು ಹಾಕಿ ನೋಟಿಸ್ ಕಳಿಸಿ. ಠಾಣೆಗೆ ಲಿಖಿತ ಮಾಹಿತಿ ಕೊಡಿ, ಕದ್ದ ಗಾಡಿಯೋ ಅಂತ ಪರಿಶೀಲಿಸಲು ಕೇಳಿ. ಕಾರಿಗೆ ಬ್ಯಾಂಕಿನ ಸಾಲ ಇದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಆ ಬ್ಯಾಂಕಿಗೂ ಒಂದು ಪತ್ರ ಹಾಕಿ. ಎಷ್ಟೋ ಸಲ ಅವರೇ ಆ ಗಾಡಿಯನ್ನು ಹುಡುಕುತ್ತಾ ಇರುತ್ತಾರೆ. ಯಾವುದೂ ಆಗದಿದ್ದರೆ ಸಿವಿಲ್ ಕೋರ್ಟಿನಿಂದ ತೆರವಿನ ಆದೇಶ ಪಡೆಯಬೇಕು. ಸೊಸೈಟಿಯವರು ಸೇರಿ ಗುಜರಿಗೆ ಕೊಡುವ ಯೋಚನೆ ಮಾತ್ರ ಬಿಡಿ.

ಪ್ರಶ್ನೆ: ಸುರತ್ಕಲ್‌ನಲ್ಲಿ ಆಟೋ ಓಡಿಸುತ್ತೇನೆ. ಒಂದು ಅಪಘಾತದ ಕೇಸಿನಲ್ಲಿ ಆಟೋ ಠಾಣೆಯಲ್ಲಿ ನಿಂತು ಐದು ತಿಂಗಳು ಆಯ್ತು. ಮಳೆಯಲ್ಲಿ ಸೀಟು ಕೊಳೆತಿದೆ. ಸಾಲದ ಕಂತು ತಪ್ಪಿದೆ. ಕೇಸ್ ಮುಗಿಯುವ ತನಕ ಕಾಯಬೇಕು ಅಂತ ಯಾರೋ ಹೇಳಿದರು.

ಉತ್ತರ: ಕಾಯಬೇಡಿ. ಹಾಗೆ ಹೇಳಿದವರು ತಪ್ಪು ಹೇಳಿದ್ದಾರೆ, ಮಾರಾಯ್ರೆ. ಐದು ತಿಂಗಳ ದುಡಿಮೆ ಹೋಯಿತಲ್ಲ ಅಂತ ನನಗೆ ಸಂಕಟವಾಗುತ್ತದೆ.

ಅಪಘಾತವಾದ ಗಾಡಿಯನ್ನು ಪರೀಕ್ಷೆಗೆ ಒಯ್ದರೆ, ವಿಧಿವಿಧಾನ ಮುಗಿದ ಮೇಲೆ 24 ಗಂಟೆಯೊಳಗೆ ವಾಪಸ್ ಕೊಡಬೇಕು ಅಂತ ಮೋಟಾರು ವಾಹನ ಕಾಯ್ದೆಯ 136ನೇ ಸೆಕ್ಷನ್ ಹೇಳುತ್ತದೆ. ಕೇಸಿನಲ್ಲಿ ಜಪ್ತಿಯಾದ ಗಾಡಿಯಾದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮಧ್ಯಂತರವಾಗಿ ಬಿಡಿಸಿಕೊಳ್ಳುವ ಅರ್ಜಿ ಹಾಕಬೇಕು. ಮೊದಲ ಉತ್ತರದಲ್ಲಿ ಹೇಳಿದ ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503ನೇ ಸೆಕ್ಷನ್. 2002ರಲ್ಲೇ ಸುಪ್ರೀಂ ಕೋರ್ಟು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ, ಜಪ್ತಿ ಮಾಡಿದ ಗಾಡಿಗಳನ್ನು ಠಾಣೆಯಲ್ಲಿ ದೀರ್ಘ ಕಾಲ ಇಟ್ಟುಕೊಳ್ಳುವುದರಿಂದ ಯಾವ ಪ್ರಯೋಜನವೂ ಇಲ್ಲ, ಫೋಟೋ ತೆಗೆದು, ಬಾಂಡು ಬರೆಸಿಕೊಂಡು ಕೂಡಲೇ ಬಿಟ್ಟುಕೊಡಿ ಅಂದಿದೆ. ಯಾರೂ ಕೇಳದ ಗಾಡಿಯನ್ನು ಹರಾಜು ಹಾಕಿ ಅಂತಲೂ ಹೇಳಿದೆ. ಇಷ್ಟು ವರ್ಷದ ಮೇಲೂ ನಮ್ಮ ಕರಾವಳಿಯ ಉಪ್ಪುಗಾಳಿಗೆ ಠಾಣೆಯ ಅಂಗಳದಲ್ಲಿ ಗಾಡಿಗಳು ಪುಡಿಯಾಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಒಂದೊಂದರ ಹಿಂದೆಯೂ ಒಂದು ಮನೆ ಇರುತ್ತದೆ.

ಆರ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಲೈಸೆನ್ಸ್ ಹಿಡಿದು ಈ ವಾರವೇ ವಕೀಲರ ಹತ್ತಿರ ಹೋಗಿ. ಜಾಮೀನು ನಿಲ್ಲಲು ಒಬ್ಬರು ಬೇಕು. ಆದೇಶದಲ್ಲಿ ಸಾಮಾನ್ಯವಾಗಿ ಎರಡು ಷರತ್ತು ಇರುತ್ತದೆ: ಮಾರಬಾರದು, ಕರೆದಾಗ ಹಾಜರುಪಡಿಸಬೇಕು. ಅಪಘಾತದ ದಿನ ಇನ್ಶೂರೆನ್ಸ್ ಇರದಿದ್ದರೆ ಮಾತ್ರ ಕಷ್ಟ. ಆಗ ಗಾಯಗೊಂಡವರ ಪರಿಹಾರಕ್ಕೆ ಭದ್ರತೆ ಕೇಳುತ್ತಾರೆ. ಫೀಸಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ, ಮಂಗಳೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. ವರಮಾನ ಕಡಿಮೆ ಇರುವವರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ.

ಪ್ರಶ್ನೆ: ಕಟಪಾಡಿಯಲ್ಲಿ ನಮ್ಮ ಹಳೇ ಮನೆ. ತೀರಿಹೋದ ಅಪ್ಪನ 1998ರ ಕಾರು ಹಲಸಿನ ಮರದ ಕೆಳಗೆ ನಿಂತಿದೆ. ಗುಜರಿಯವರು 18,000 ಕೊಡುತ್ತೇನೆ, ಕಾಗದ ಏನೂ ಬೇಡ ಅನ್ನುತ್ತಾರೆ. ಕೊಟ್ಟುಬಿಡಲಾ? ತಮ್ಮ ತಂಗಿಯರು ಮುಂಬಯಿಯಲ್ಲಿದ್ದಾರೆ.

ಉತ್ತರ: "ಕಾಗದ ಏನೂ ಬೇಡ" ಅನ್ನುವ ಮಾತಿಗೇ ನೀವು ಹೆದರಬೇಕು. ನಮ್ಮ ಮನೆಯ ಕತೆ ಹೇಳುತ್ತೇನೆ.

ನಮ್ಮ ಅಪ್ಪ ಮೂಲ್ಕಿಯ ಹತ್ತಿರ ಮೇಷ್ಟ್ರು. 1993ರಲ್ಲಿ ಪ್ರೀಮಿಯರ್ ಪದ್ಮಿನಿ ಕೊಂಡಿದ್ದರು, ಕೆನೆ ಬಣ್ಣ. ಭಾನುವಾರ ಬೆಳಿಗ್ಗೆ ಬಾವಿಯಿಂದ ನೀರು ಸೇದಿ ತಾವೇ ತೊಳೆಯುತ್ತಿದ್ದರು. 2006ರಲ್ಲಿ ತೀರಿಕೊಂಡರು. ಅಮ್ಮನಿಗೆ ಅದನ್ನು ಮಾರಲು ಮನಸ್ಸಿಲ್ಲ. ಮೂರು ಮಳೆಗಾಲ ಬಾವಿಯ ಪಕ್ಕ ನಿಂತಿತು. ಸೀಟಿನೊಳಗೆ ಇಲಿ ಮರಿ ಹಾಕಿತು. 2009ರಲ್ಲಿ ಅಣ್ಣ ಒಬ್ಬ ಗುಜರಿಯವನಿಗೆ 9,000 ರೂಪಾಯಿಗೆ ಕೊಟ್ಟ. ನಂಬರ್ ಪ್ಲೇಟ್ ಸಮೇತ. ನಾನು ಆಗಲೇ ವಕೀಲೆ, ಆದರೂ ನೋಂದಣಿ ರದ್ದು ಮಾಡಿಸಲಿಲ್ಲ. ಮುರಿದು ಹಾಕಿದ ಮೇಲೆ ಇನ್ನೇನು ಅಂದುಕೊಂಡೆವು. ಎರಡು ವರ್ಷದ ಮೇಲೆ ಪಕ್ಕದ ಜಿಲ್ಲೆಯ ಒಂದು ಠಾಣೆಯಿಂದ ಫೋನು. ಅಪ್ಪನ ಕಾರಿನ ನಂಬರ್ ಬೇರೆ ಯಾವುದೋ ಗಾಡಿಯ ಮೇಲೆ ಸಿಕ್ಕಿತ್ತು. ಎಪ್ಪತ್ತು ದಾಟಿದ ಅಮ್ಮ "ಅವರು ಸತ್ತ ಮೇಲೂ ಪೊಲೀಸರು ಅವರ ಹೆಸರು ಕೇಳುತ್ತಾರಲ್ಲಾ" ಅಂತ ಅತ್ತದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾವು ಎರಡು ಸಲ ಹೋಗಿ ಹೇಳಿಕೆ ಕೊಟ್ಟು ಬಂದೆವು. ಜೀವನವಿಡೀ ಯಾರ ಒಂದು ರೂಪಾಯಿಯನ್ನೂ ಇಟ್ಟುಕೊಳ್ಳದ ಅಪ್ಪನ ಹೆಸರು ಅದು.

ನೀವು ಆ ತಪ್ಪು ಮಾಡಬೇಡಿ. 2021ರ ಸೆಪ್ಟೆಂಬರಿನಲ್ಲಿ ಗುಜರಿ ಕೇಂದ್ರಗಳ ನಿಯಮ ಬಂದಿದೆ. ಸರ್ಕಾರದಲ್ಲಿ ನೋಂದಾಯಿಸಿದ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ ಮೊದಲು ಠೇವಣಿ ಪ್ರಮಾಣಪತ್ರ ಕೊಡುತ್ತಾರೆ, ಗಾಡಿ ಮುರಿದ ಮೇಲೆ ಇನ್ನೊಂದು ಪ್ರಮಾಣಪತ್ರ. ಎರಡೂ ಗಾಡಿ ನೋಂದಣಿಯ ಸರ್ಕಾರಿ ವೆಬ್‌ಸೈಟಾದ ವಾಹನ್ ಪೋರ್ಟಲಿನಲ್ಲಿ ದಾಖಲಾಗುತ್ತವೆ. ಚಾಸಿ ನಂಬರ್ ಇರುವ ತುಂಡನ್ನು ಕತ್ತರಿಸಿ ಆರು ತಿಂಗಳು ಕೇಂದ್ರದಲ್ಲೇ ಜೋಪಾನವಾಗಿ ಇಡುತ್ತಾರೆ. ನಮ್ಮ ಅಪ್ಪನ ನಂಬರಿಗೆ ಆದದ್ದು ಇನ್ನೊಬ್ಬರಿಗೆ ಆಗದಿರಲು ಇದೇ ಬೇಕಿತ್ತು. ಠೇವಣಿ ಪ್ರಮಾಣಪತ್ರ ಇಟ್ಟುಕೊಂಡು ಹೊಸ ಗಾಡಿ ಕೊಂಡರೆ ನೋಂದಣಿ ಶುಲ್ಕ ಇಲ್ಲ. ಖಾಸಗಿ ಗಾಡಿಗೆ ತೆರಿಗೆಯಲ್ಲಿ ಶೇಕಡಾ 25ರವರೆಗೆ, ಬಾಡಿಗೆ ಗಾಡಿಗೆ 15ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶ ಉಂಟು.

ಒಂದು ಹೊಸ ಕಡ್ಡಾಯವೂ ಬಂದಿದೆ. 2025ರ ಏಪ್ರಿಲ್ 1ರಿಂದ ಜಾರಿಯಾದ ಪರಿಸರ ನಿಯಮದ ಪ್ರಕಾರ, ಆಯುಸ್ಸು ಮುಗಿದ ಗಾಡಿಯನ್ನು 180 ದಿನದೊಳಗೆ ಇಂಥ ಕೇಂದ್ರಕ್ಕೆ ಒಪ್ಪಿಸುವುದು ಮಾಲೀಕರ ಹೊಣೆ. ಟ್ರ್ಯಾಕ್ಟರ್, ಟಿಲ್ಲರ್‌ಗಳಿಗೆ ವಿನಾಯಿತಿ ಇದೆ. ಬ್ಯಾಟರಿಯ ಸೀಸ, ಆಸಿಡ್, ಹಳೇ ಆಯಿಲ್ ಮಣ್ಣಿಗೆ ಇಳಿದರೆ ಹೋಗಿ ಸೇರುವುದು ನಿಮ್ಮದೇ ಬಾವಿಗೆ.

ನಿಮ್ಮ ಕೆಲಸ ಹೀಗೆ ಶುರುವಾಗಲಿ. ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ತಮ್ಮ ತಂಗಿಯರ ಒಪ್ಪಿಗೆ ಪತ್ರ, ಆರ್‌ಸಿ. ಇಷ್ಟನ್ನು ಹಿಡಿದು ಆರ್‌ಟಿಒಗೆ ಹೋಗಿ, ಬಾಕಿ ತೆರಿಗೆ ಅಥವಾ ಸಾಲದ ನಮೂದು ಇದೆಯಾ ಅಂತ ನೋಡಿಸಿ. ಬಳಸಲಾಗದಂತೆ ಕೆಟ್ಟ ಗಾಡಿಯ ವಿಷಯವನ್ನು ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ, 14 ದಿನ ಅಥವಾ ಆದಷ್ಟು ಬೇಗ. ತಡವಾಗಿದೆ ಅಂತ ಹೋಗದೆ ಕೂರಬೇಡಿ. ನೋಂದಣಿ ರದ್ದಾದ ದಾಖಲೆ ಕೈಗೆ ಬರುವ ತನಕ ಬೆನ್ನು ಹತ್ತಿ. ಗುಜರಿಯವರು ಹೇಳಿದ 18,000ಕ್ಕಿಂತ ನಾಲ್ಕೈದು ಸಾವಿರ ಕಡಿಮೆ ಸಿಕ್ಕರೂ ಪರವಾಗಿಲ್ಲ, ನೋಂದಾಯಿತ ಕೇಂದ್ರಕ್ಕೇ ಕೊಡಿ. ಕೊಡುವ ಮೊದಲು ಅಪ್ಪನ ಕಾರಿನ ಎದುರು ಎಲ್ಲರೂ ನಿಂತು ಒಂದು ಫೋಟೋ ತೆಗೆಸಿಕೊಳ್ಳಿ. ನಾವು ತೆಗೆಸಿಕೊಳ್ಳಲಿಲ್ಲ.

ಪ್ರಶ್ನೆ: ಕಾರ್ಕಳದವನು, ದುಬೈಯಲ್ಲಿ ಕೆಲಸ. ರಜೆ ಮುಗಿಸಿ ಹೋಗುವಾಗ ಬೈಕನ್ನು ಮನೆ ಹತ್ತಿರ ರಸ್ತೆ ಬದಿ ಕವರ್ ಹಾಕಿ ನಿಲ್ಲಿಸಿ ಹೋಗಬಹುದಾ? ಮನೆಗೆ ದಾರಿ ಇಕ್ಕಟ್ಟು.

ಉತ್ತರ: ಬೇಡ. ಹತ್ತು ಗಂಟೆಯ ಲೆಕ್ಕ ಮೇಲೆಯೇ ಹೇಳಿದೆ. ಬೈಕಾದರೆ ಇಕ್ಕಟ್ಟಿನಲ್ಲೂ ತಳ್ಳಿಕೊಂಡು ಹೋಗಬಹುದಲ್ಲ, ಅಂಗಳದೊಳಗೆ ತಂದು ನಿಲ್ಲಿಸಿ. ಅದೂ ಆಗದಿದ್ದರೆ ನೆಂಟರ ಮನೆಯ ಶೆಡ್ಡು ಕೇಳಿ. ನೀವಿಲ್ಲದಾಗ ಇನ್ಶೂರೆನ್ಸ್ ಮುಗಿಯುತ್ತದಾ ನೋಡಿಕೊಳ್ಳಿ. ಬ್ಯಾಟರಿಯ ಒಂದು ವಯರು ಕಳಚಿಡಿ. ಕೀ ಮತ್ತು ಆರ್‌ಸಿಯ ಒಂದು ಜೆರಾಕ್ಸ್ ಅಮ್ಮನ ಹತ್ತಿರ ಇರಲಿ.